ನೀಲವ್ವನ ಆರನೇ ಕಲ್ಲು

ಹೊಲಾ ಅಳೆಯೂ ಮೋಜಣಿ ಖಾತೆಗೆ ಹೊಸದಾಗಿ ಸೇರಿದ ನಾಲ್ಕು ಮಂದಿ ಹೋದ ವಾರ ನಮ್ಮ ಮನಿಗೆ ಬಂದಿದ್ದರು. "ಕಾಕಾರ, ನಿಮ್ಮ ಕಾಲದಾಗ ಕೆಲಸಾ ಹೆಂಗಿತ್ತು, ಸ್ವಲ್ಪ ಹೇಳ್ರಿ" ಅಂದರು. ನಾ ಗಂಟಲಾ ಸರಿ ಮಾಡಿಕೊಂಡು ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಅಂತ ಸುರು ಮಾಡೂದಕ್ಕೂ, ಒಳಗಿನಿಂದ ನಮ್ಮ ಮನಿಯಾಕಿ ಚಾ ತರೂದಕ್ಕೂ ಸರಿಹೋತು. "ಅದನ್ನ ಬಿಡ್ರಿ, ಅದೆಲ್ಲಾ ನಿಮ್ಮ ಸರ್ವಿಸ್ ಬುಕ್ಕಿನ್ಯಾಗ ಐತಿ. ನೀವು ಮಾಡಿದ ತಪ್ಪಿನ ಕತಿ ಹೇಳ್ರಿ, ಅವರಿಗೆ ಉಪಯೋಗಕ್ಕ ಬಂದೀತು" ಅಂದಳು. ಬಂದವರು ನಕ್ಕರು. ನನಗ ಸಿಟ್ಟು ಬಂತು. ಆದರ ಆಕಿ ಮಾತು ಖರೆ ಇತ್ತು. ಅವರು ಬಸ್ಸಿಗೆ ಹೋಗೂದಿತ್ತು, ಕತಿ ಅರ್ಧಕ್ಕ ನಿಂತಿತು. ಅದಕ್ಕ ಈಗ ಕೂತು ಬರದಿಡಾಕತ್ತೇನಿ.

ನಾ ಸೇರಿದ್ದು ಇಂಗ್ಲಿಷರ ಕಾಲದಾಗ, ಎರಡನೇ ಯುದ್ಧ ಸುರುವಾಗೂಕಿಂತ ಕೆಲವು ವರ್ಷ ಮೊದಲ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಕಡಿ ಹಳ್ಳಿಗೋಳು ನನ್ನ ಪಾಲಿಗೆ ಬಂದಿದ್ದವು. ಸವಣೂರು ಆಗ ನವಾಬರ ಸಂಸ್ಥಾನ. ಅದರೊಳಗಿನ ಜಮೀನಿನ ಗೊಡವಿ ನಮಗಿರಲಿಲ್ಲ. ಆದರ ಸವಣೂರಿನ ಖಾರದ ಗೊಡವಿ ನನಗ ಭಾಳ ಇತ್ತು. ಸುತ್ತಲಿನ ಯಾವ ಹಳ್ಳ್ಯಾಗ ಕೆಲಸಾ ಇದ್ದರೂ ಸಂಜಿಕ್ಕ ಸೈಕಲ್ ಹತ್ತಿ ಸವಣೂರಿಗೆ ಹೋಗಿ, ಬಾಣಲಿಯಿಂದ ಆಗ ತೆಗೆದ ಬಿಸಿ ಕಡ್ಲಿಹಿಟ್ಟಿನ ಖಾರ ತಿಂದ ಬರತಿದ್ದೆ. ನಗಬ್ಯಾಡ್ರಿ. ಮುಂದಿನ ಅನಾಹುತಕ್ಕ ಅದೂ ಒಂದು ಕಾರಣ ಆತು.

ನಮ್ಮ ಸಾಮಾನು ಅಂದರ ಮೂವತ್ಮೂರು ಫೂಟಿನ ಕಬ್ಬಿಣದ ಸರಪಳಿ, ನಾಲ್ಕು ಝಂಡಾ ಕೋಲು, ನೇರ ಮೂಲಿ ಹಿಡಿಯೂ ಒಂದು ಕಟ್ಟಿಗಿ ಶಂಕು, ಒಂದು ಟಿಪ್ಪಣಿ ಪುಸ್ತಕ. ಅಷ್ಟ. ಸರಪಳಿ ಹಿಡಿಯಾಕ ಇಬ್ಬರು ಆಳು. ಹೊಲದ ಮೂಲಿಗೆ ಹಿಂದಿನವರು ಹುಗಿದ ಬಾಂದಗಲ್ಲು ಇರತಿತ್ತು. ಆ ಗಡಿ ಕಲ್ಲು ಸಿಕ್ಕರ ಅರ್ಧಾ ಕೆಲಸಾ ಮುಗೀತು. ಸಿಗದಿದ್ದರ ಊರಿನ ಮುದುಕರನ್ನ ಕೇಳಬೇಕು, ಮುದುಕರು ಮೂವರಿದ್ದರ ಮೂರು ಜಾಗಾ ತೋರಸತಿದ್ದರು.

ನನ್ನ ಮೊದಲನೇ ಪಾಠ ಹಿರೇಕೆರೂರಿನ ಕಡಿ ಆತು. ಅಣ್ಣ ತಮ್ಮ ಇಬ್ಬರ ನಡುವ ಹೊಲಾ ಹಂಚೂದಿತ್ತು. ಹೋದ ದಿನಾ ಅಣ್ಣನ ಮನ್ಯಾಗ ಹೋಳಿಗಿ ಊಟಾ ಆತು. ಮಧ್ಯಾಹ್ನ ಸರಪಳಿ ಹಾಸಿದರ ತಮ್ಮ ಬಂದು ಅದರ ಮ್ಯಾಲ ಕುಂತ. "ಏಳಪಾ" ಅಂದೆ. "ಏಳೂದಿಲ್ಲರಿ. ಅವನ ಹೋಳಿಗಿ ನಿಮ್ಮ ಹೊಟ್ಟ್ಯಾಗ ಐತಿ, ಕೈ ಆ ಕಡೇನ ಜಗ್ಗತೈತಿ" ಅಂದ. ನಾ ಎಷ್ಟ ಕಾಯದೆ ಹೇಳಿದರೂ ಅಂವ ಏಳಲಿಲ್ಲ. ಕಡೀಕ ಅವನ ಮನಿಗೂ ಹೋಗಿ ಮತ್ತೊಮ್ಮೆ ಎಲಿ ಮುಂದ ಕುಂತೆ. ಅವನ ಹೆಂಡತಿ ಹಟಕ್ಕ ಬಿದ್ದು ಒಂದು ಹೋಳಿಗಿ ಹೆಚ್ಚ ಹಾಕಿದಳು. ಸಂಜಿತನಕ ಬಗ್ಗಾಕ ಆಗಲಿಲ್ಲ, ಆದರ ಗಡಿ ಮಾತ್ರ ಇಬ್ಬರೂ ಒಪ್ಪಿದರು. ಅವತ್ತಿನಿಂದ ಯಾವ ಊರಿಗೆ ಹೋದರೂ ಎರಡೂ ಕಡಿಯವರ ಮನ್ಯಾಗ ಬರೇ ನೀರು ಕುಡಿಯೂ ಪದ್ಧತಿ ಇಟ್ಟೆ. ನೀರು ಹೊಟ್ಟಿಗೆ ಹಗುರ.

ನಮ್ಮ ಮ್ಯಾಲಿನ ಸಾಹೇಬರು ಜೋಶಿ ಅಂತ. ತೆಳ್ಳಗಿನ ಆಳು, ಕರೀ ಟೊಪಿಗಿ, ಉದ್ದ ಕೋಟು, ಮೂಗಿನ್ಯಾಗ ಸದಾ ನಸ್ಯ. ಬೈಯುವಾಗ ದನಿ ಏರಸತಿರಲಿಲ್ಲ, ಅದ ಹೆಚ್ಚಿನ ಹೆದರಿಕಿ. "ಏನೋ ಶಿವಲಿಂಗಪ್ಪ, ಎರಡು ಕಲ್ಲಿನಿಂದ ಗೆರಿ ಆಗತದ. ಮೂರನೇ ಗುರ್ತಿಗೆ ತಾಳೆ ನೋಡಿದ ಮ್ಯಾಲೇನ ಅದು ಮೋಜಣಿ ಆಗತದ" ಅನ್ನತಿದ್ದರು. ಆ ಮಾತನ್ನ ನಾನೂ ಹತ್ತು ಮಂದಿ ಮುಂದ ದೊಡ್ಡ ಶಾಣ್ಯಾನಂಗ ಹೇಳತಿದ್ದೆ. ಹೇಳೂದ ಬ್ಯಾರೆ, ಉರೀ ಬಿಸಿಲಾಗ ಮಾಡೂದ ಬ್ಯಾರೆ.

ಈಗ ಆ ತಪ್ಪಿಗೆ ಬರತೇನಿ. ಹತ್ತಿಮತ್ತೂರಿನಿಂದ ಸವಣೂರಿನ ದಾರಿ ಹಿಡಿದರ ನಡುವ ಒಂದು ಸಣ್ಣ ಹಳ್ಳಿ. ಹೆಸರು ಬ್ಯಾಡ, ಅವರ ಮೊಮ್ಮಕ್ಕಳು ಈಗೂ ಅಲ್ಲೇ ಅದಾರ. ಸಂಸ್ಥಾನದ ಗಡಿಗೆ ಹತ್ತಿ ಇದ್ದರೂ ಅದು ನಮ್ಮ ಸರಕಾರದ ಊರು. ಅಲ್ಲಿ ಒಂದ ನಂಬರಿನ ಹೊಲದಾಗ ಎರಡು ಹಿಸ್ಸೆ, ಅಂದರ ಎರಡು ಪಾಲು; ನಡುವಿನ ಗಡಿ ನಾ ಅಳದು ಗುರ್ತ ಮಾಡಬೇಕಿತ್ತು. ಪಶ್ಚಿಮದ್ದು ನೀಲವ್ವ ಅನ್ನೂ ಗಂಡ ಸತ್ತ ಮುದುಕಿದು, ಪೂರ್ವದ್ದು ಖಾದರಸಾಬಂದು. ಖಾದರಸಾಬನ ಅಜ್ಜ ನೀಲವ್ವನ ಮಾವನ ಕಡಿಂದ ಅರ್ಧಾ ಹೊಲಾ ಖರೀದಿ ಮಾಡಿದ್ದ. ಇಬ್ಬರೂ ವೀಳ್ಯದ ಎಲಿಬಳ್ಳಿ ಹಚ್ಚಿದ್ದರು. ನೀಲವ್ವಂದು ಬರೇ ನಾಲ್ಕು ಸಾಲು, ಆದರ ಅದ ಆಕಿ ಅನ್ನ. ಗಡಿಯಿಂದ ಸ್ವಲ್ಪ ಈಚೆ, ಆಕಿ ಹೊಲದಾಗ, ಮಾವ ತೋಡಿಸಿದ ಒಂದು ಬಾವಿ ಇತ್ತು. ದಿನಾ ಮುಂಜಾನೆ ಆಕಿ ತಾನ ಕೊಡದಿಂದ ನೀರು ಸೇದಿ ಬಳ್ಳಿಗೆ ಹಾಕತಿದ್ದಳು. ಖಾದರಸಾಬಗ ಆಚೆ ಕಡಿ ತನ್ನದ ಬ್ಯಾರೆ ಬಾವಿ ಇತ್ತು.

ಇಬ್ಬರೂ ಏಳು ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಒಂದು ಆಡು. ಖಾದರಸಾಬನ ಆಡು ಬಂದು ನೀಲವ್ವನ ಮೂರು ಬಳ್ಳಿ ತಿಂದಿತ್ತು. ಆಕಿ ಆಡು ಹಿಡಿದು ಎರಡು ದಿನಾ ಮನ್ಯಾಗ ಕಟ್ಟಿ, ಹೊಟ್ಟಿತುಂಬ ಮೇಯಿಸಿ ಬಿಟ್ಟಿದ್ದಳು. ಅಂವ "ಕಳ್ಳತನಾ ಮಾಡಿದಳು" ಅಂದ. ಆಕಿ "ನಿನ್ನ ಆಡಿಗೆ ನಿನ್ನಕಿಂತಾ ಛಲೋ ತಿನ್ನಿಸೇನಿ" ಅಂದಳು. ಅಲ್ಲಿಗೆ ಮಾತು ಬಂದ್ ಆತು.

ನಾ ಹೋದಾಗ ಸುಗ್ಗಿ ಮುಗಿದಿತ್ತು. ನೀಲವ್ವ ಊರಾಗಿರಲಿಲ್ಲ, ಬಳ್ಳಿಗೆ ನೀರು ಹಾಕಾಕ ಒಂದು ಆಳಿಗೆ ಹೇಳಿ ಮಗಳ ಬಾಣಂತನಕ್ಕ ಹಿರೇಕೆರೂರಿಗೆ ಹೋಗಿದ್ದಳು. ಉತ್ತರದ ಬೇಲಿಯಲ್ಲಿ ಬಾಂದಗಲ್ಲು ಇರಬೇಕು ಅಂತ ಹಳೇ ಟಿಪ್ಪಣ್ಯಾಗ ಇತ್ತು, ಬೇವಿನ ಗಿಡದಿಂದ ಇಷ್ಟು ಸರಪಳಿ ಅಂತ. ಬೇವಿನ ಗಿಡಾ ಕಡಿದು ಯಾವ ಕಾಲಾ ಆಗಿತ್ತೋ. ಬೇಲಿ ತುಂಬ ಪಾಪಾಸಗಳ್ಳಿ, ಆಳಿನ ಎತ್ತರ, ಕೈ ಹಾಕಾಕ ಆಗೂದಿಲ್ಲ. ಹಿಂಗ ನೋಡತೇನಿ, ಪಶ್ಚಿಮದ ಕಡಿ, ಕಳ್ಳಿ ತೆಳುವಾದಲ್ಲಿ, ಬೇಲಿ ಬುಡದಾಗ ಒಂದು ಮೊಳದುದ್ದ ಕಲ್ಲು, ಬೆಳ್ಳಗ ಸುಣ್ಣಾ ಹಚ್ಚಿ, ಗಟ್ಟಿಯಾಗಿ ನೆಟ್ಟದ್ದು. ನಮ್ಮ ಖಾತೆಯವರೂ ಕಲ್ಲಿಗೆ ಸುಣ್ಣಾನ ಹಚ್ಚೂದು. "ಸಿಕ್ಕಿತು ನೋಡ್ರಪಾ" ಅಂದು ಸರಪಳಿ ಅಲ್ಲಿಂದ ಹಿಡದೆ.

ಖಾದರಸಾಬ ಅಲ್ಲೇ ನಿಂತಿದ್ದ. ಎತ್ತರದ ಆಳು, ಹೆಗಲ ಮ್ಯಾಲ ಟಾವೆಲ್, ಮಾತು ಕಡಿಮಿ. ನಮ್ಮ ಸರಪಳಿ ಬಾವಿ ದಾಟಿ ಪಶ್ಚಿಮಕ್ಕ ಹೋಗೂದು ನೋಡಿ ಹತ್ತಿರ ಬಂದ.

"ಸಾಹೇಬ್ರ, ಬಾವಿ ಮುದುಕಿದರಿ."

"ಯಾರು ಹೇಳಿದರು?"

"ಹೇಳೂದೇನರಿ, ನಾ ಸಣ್ಣಾಂವ ಇದ್ದಾಗಿಂದ ನೋಡೇನಿ. ಅದು ಅವರ ಹೊಲದಾಗಿಂದು."

"ನೋಡಪಾ, ಮಂದಿ ಸುಳ್ಳ ಹೇಳತಾರ, ಸರಪಳಿ ಹೇಳೂದಿಲ್ಲ" ಅಂದೆ. ಏನ ಸೊಕ್ಕು ನಂದು. ಒಬ್ಬ ಮನಿಷ್ಯಾ ತನಗ ಬರೂ ಬಾವಿ ತನ್ನದಲ್ಲ ಅಂತ ಹೇಳಾಕತ್ತಾನ, ಅದೂ ಮಾತು ಬಿಟ್ಟ ಮುದುಕಿ ಪರವಾಗಿ. ಕಿವಿ ಇದ್ದಾಂವ ಆಗಿದ್ದರ ಅಲ್ಲೇ ನಿಂತು ವಿಚಾರ ಮಾಡತಿದ್ದ. ನಾ ಮೂರನೇ ಗುರ್ತಿಗೆ ತಾಳೆ ನೋಡೂದನ್ನೂ ಬಿಟ್ಟೆ. ಹೊತ್ತು ಇಳಿಯಾಕತ್ತಿತ್ತು, ಸವಣೂರಿನ್ಯಾಗ ಬಾಣಲಿ ಕಾಯೂ ಹೊತ್ತು. ಗೆರಿ ಎಳದು, ಸಹಿ ಹಾಕಿ, ಸೈಕಲ್ ಹತ್ತಿದೆ. ಆ ದಿನದ ಖಾರ ಎಷ್ಟು ರುಚಿ ಇತ್ತು ಅಂತ ಈಗೂ ನೆನಪೈತಿ, ಹೇಳಾಕ ನಾಚಿಕಿ ಬರತೈತಿ.

ಎರಡು ತಿಂಗಳಿಗೆ ನಕಾಶೆ ಊರಿಗೆ ಹೋತು. ಊರಿನ ಲೆಕ್ಕಾ ಬರಿಯೂ ತಲಾಠಿ ಚಾವಡ್ಯಾಗ ಓದಿ ಹೇಳಿದ: ಬಾವಿ ಖಾದರಸಾಬಂದು. ಅಷ್ಟೊತ್ತಿಗೆ ನೀಲವ್ವ ಊರಿಗೆ ಬಂದಿದ್ದಳು. ನಾ ಆಗ ಅಕ್ಕಿಆಲೂರಿನ ಕಡಿ ಗದ್ದಿ ಅಳೆಯಾಕತ್ತಿದ್ದೆ, ನನಗಿದ್ಯಾವುದೂ ಗೊತ್ತಿಲ್ಲ. ಒಂದು ಸಂತಿ ದಿನಾ ಎಲಿ ಪೆಂಡಿ ಮಾರಾಕ ಬಂದ ಖಾದರಸಾಬ ಸಂತ್ಯಾಗ ನನ್ನ ಕಂಡ. ನಾ ಅವಲಕ್ಕಿ ಅಂಗಡಿ ಮುಂದ ನಿಂತಿದ್ದೆ. ಅಂವ ನಮಸ್ಕಾರನೂ ಮಾಡಲಿಲ್ಲ.

"ಸಾಹೇಬ್ರ, ನಿಮ್ಮ ಸರಪಳಿ ಸುಳ್ಳ ಹೇಳಿತು" ಅಂದ.

"ಯಾಕಪಾ, ಏನಾತು?"

"ಮುದುಕಿ ಬಳ್ಳಿ ಒಣಗಾಕತ್ತಾವ. ನಾನ ಆಕಿ ಬಾಗಿಲಿಗೆ ಹೋದೆ, ಏಳು ವರ್ಷದ ಮ್ಯಾಲ. 'ಅವ್ವಾ, ಕಾಗದಾ ಏನರ ಹೇಳಲಿ, ನೀ ನೀರು ಸೇದ' ಅಂದೆ. 'ನನ್ನ ಮಾವನ ಬಾವಿ ನೀರನ್ನ ನಿನ್ನ ಕಡಿಂದ ದಾನಾ ತಗೊಳ್ಳೇನು? ಹೋಗು' ಅಂದಳು. ಈಗ ಊರ ಕೆರಿಂದ ತಲಿ ಮ್ಯಾಲ ಕೊಡಾ ಹೊತ್ತು ತರಾಕತ್ತಾಳ. ಒಂದು ಮೈಲಿ. ತನ್ನ ಬಾವಿ ದಾಟಿಕೊಂಡ ಹೋಗತಾಳ."

"ಮತ್ತ ನೀ?"

"ನಾ ಅದನ್ನ ಮುಟ್ಟಿಲ್ಲರಿ. ನಂದಲ್ಲದ್ದು ನನಗ ಹರಾಮ್. ಅಲ್ಲಾನ ಮುಂದ ನಿಮ್ಮ ನಕಾಶೆ ತೋರಿಸಾಕ ಆಗೂದಿಲ್ಲ."

ಒಂದು ಬಾವಿ, ತುಂಬ ನೀರು, ಇಬ್ಬರೂ ಸೇದೂದಿಲ್ಲ. ನನ್ನ ತಪ್ಪಿನಿಂದ. ಆದರೂ ಬಾಯಿ ಬಿಟ್ಟು ತಪ್ಪಾತು ಅನ್ನಾಕ ಆಗಲಿಲ್ಲ. "ಬಂದು ನೋಡತೇನಿ" ಅಂದೆ, ನಾ ಸರಿ ಇದ್ದೇನಿ ಅಂತ ಒಳಗ ಇನ್ನೂ ಹಟ.

ಮರುದಿನ ಮುಂಜಾನೆ ಹೋದೆ. ನೀಲವ್ವ ಕೆರಿ ದಾರ್ಯಾಗ ಸಿಕ್ಕಳು. ಗಿಡ್ಡ ಆಳು, ಹಣಿ ತುಂಬ ವಿಭೂತಿ, ತಲಿ ಮ್ಯಾಲ ತುಂಬಿದ ಕೊಡ, ಸೀರಿ ತೊಯ್ದು ಮೈಗೆ ಹತ್ತಿತ್ತು. ನಾ ಯಾರು ಅಂತ ಹೇಳಿದೆ. ಬೈಗಳಾ ತಿನ್ನಾಕ ತಯಾರಾಗೇ ಹೋಗಿದ್ದೆ. ಆಕಿ ಕೊಡಾ ಇಳಿಸದನ ನನ್ನ ಮಾರಿ ನೋಡಿದಳು.

"ನೀನ ಏನೋ ತಮ್ಮಾ? ಎಷ್ಟ ಸಣ್ಣಾಂವ ಅದೀ. ಉಂಡೀಯಿಲ್ಲೋ ಮುಂಜಾನೆ?"

ಆ ಒಂದು ಮಾತಿಗೆ ನನ್ನ ಕಣ್ಣಾಗ ನೀರು ಬಂತು. ಬೈದಿದ್ದರ ತಡಕೊಳ್ಳತಿದ್ದೆ. ಕೊಡಾ ನಾ ಇಸಗೊಂಡೆ. ಹೊತ್ತು ಅಭ್ಯಾಸ ಇಲ್ಲ, ತ್ವಾಟಾ ಮುಟ್ಟೂದರಾಗ ಅರ್ಧಾ ನನ್ನ ಅಂಗಿ ಮ್ಯಾಲ ಚೆಲ್ಲಿತ್ತು. "ಬಳ್ಳಿಗೆ ಹಾಕಬೇಕಾದ ನೀರು ನೀನ ಕುಡದ್ಯಲ್ಲೋ" ಅಂದು ನಕ್ಕಳು. ಬಳ್ಳಿ ನೋಡಿದೆ. ಎರಡು ಸಾಲು ಹಳದಿ ಆಗಿ ಎಲಿ ಕೆಳಗ ಬಾಗಿದ್ದವು, ಉಳಿದ ಎರಡನ್ನ ಆಕಿ ಹಂಗೂ ಹಿಂಗೂ ಜೀವ ಹಿಡಿಸಿದ್ದಳು. ಇನ್ನು ಹದಿನೈದು ದಿನಾ ಹಿಂಗ ನಡದರ ಅವೂ ಹೋಗತಿದ್ದವು.

"ಅವ್ವಾ, ನಾ ಈ ಕಲ್ಲಿನಿಂದ ಹಿಡದೇನಿ" ಅಂತ ಆ ಸುಣ್ಣದ ಕಲ್ಲು ತೋರಿಸಿದೆ.

ನೀಲವ್ವ ಕಲ್ಲು ನೋಡಿದಳು, ನನ್ನ ನೋಡಿದಳು, ಸೊಂಟದ ಮ್ಯಾಲ ಕೈ ಇಟ್ಟಕೊಂಡು ನಗಾಕ ಹತ್ತಿದಳು. "ಅಯ್ಯ ನನ ತಮ್ಮಾ, ಇದು ಬಾಂದಗಲ್ಲಲ್ಲ. ಇಂವ ನಮ್ಮ ಕರ್ಣ!"

ನಮ್ಮ ಕಡಿ ಶೀಗಿ ಹುಣ್ಣಿಮಿ ದಿನಾ ಹೊಲಕ್ಕ ಹೋಗಿ, ಬನ್ನಿಗಿಡದ ಬುಡಕ್ಕ ಐದು ಕಲ್ಲು ಇಟ್ಟು, ಸುಣ್ಣಾ ಹಚ್ಚಿ, ಪಾಂಡವರು ಅಂತ ಪೂಜಿ ಮಾಡತಾರ. ನೈವೇದ್ಯದ ಎಡಿ ಹಿಡಿದು, ಭೂಮಿತಾಯಿಗೆ ಅಂತ ಹೊಲದ ತುಂಬ ಅಡಗಿಯ ಚರಗ ಚೆಲ್ಲಿ, ಆಮ್ಯಾಲ ಎಲ್ಲಾರೂ ಕೂಡಿ ಕುಂತು ಉಣ್ಣತಾರ. ಅದು ನನಗೂ ಗೊತ್ತಿತ್ತು. ಐದು ಕಲ್ಲು ಸಾಲಾಗಿ ಇದ್ದಿದ್ದರ ನಾ ಎಂದೂ ಮೋಸಾ ಹೋಗತಿರಲಿಲ್ಲ. ಆದರ ನೀಲವ್ವ ಆರನೇದ್ದೂ ಒಂದು ಇಡತಿದ್ದಳು, ಐದರಿಂದ ದೂರ, ಬೇಲಿ ಬುಡಕ್ಕ. ಐದು ಸಣ್ಣ ಕಲ್ಲು ಸುಗ್ಗ್ಯಾಗ ಎತ್ತಿನ ಕಾಲಿಗೆ ಸಿಕ್ಕು ಚೆದರಿ ಹೋಗಿದ್ದವು. ಆರನೇದ್ದು ನಿಂತಿತ್ತು, ಯಾಕಂದರ ಅದನ್ನ ಆಕಿ ದೊಡ್ಡದು ತಂದು ಆಳವಾಗಿ ಹುಗಿದಿದ್ದಳು. "ದಾನಶೂರಗ ಸಣ್ಣ ಕಲ್ಲು ಇಟ್ಟರ ಹೆಂಗೋ?" ಅಂದಳು.

ಸರಕಾರದ ನಕಾಶೆಯೊಳಗ, ನನ್ನ ಸಹಿಯಿಂದ, ಕರ್ಣನಿಂದ ಸರಪಳಿ ಹಿಡಿದು ಮುದುಕಿ ಬಾವಿ ತಗೊಂಡಿದ್ದೆ.

ಆಳುಗೋಳನ್ನ ಕರಿಸಿ ಕಳ್ಳಿ ಕಡಿಸಿದೆ. ಆ ಕರ್ಣನಿಂದ ಎರಡು ಸರಪಳಿ ಪೂರ್ವಕ್ಕ, ಮಣ್ಣಿನ ಕೆಳಗ, ಖರೇ ಬಾಂದಗಲ್ಲು ಸಿಕ್ಕಿತು. ಅಗದರ ಬುಡದಾಗ ಇದ್ದಿಲು. ಹಿಂದಿನವರು ಗುರ್ತಿಗೆ ಅಂತ ಕಲ್ಲಿನ ಕೆಳಗ ಇದ್ದಿಲು ಹಾಕತಿದ್ದರು, ಅದು ನೂರು ವರ್ಷ ಆದರೂ ಕೊಳೆಯೂದಿಲ್ಲ. ಇನ್ನ ಸಂಶೇನ ಇಲ್ಲ.

ಶಿಗ್ಗಾವಿ ಕಚೇರ್ಯಾಗ ಒಬ್ಬ ಹಿರೇ ಗುಮಾಸ್ತರಿದ್ದರು, ಒಳ್ಳೆಯವರು, ನನ್ನ ಮ್ಯಾಲ ಪ್ರೀತಿ. ಅವರಿಗೆ ಹೇಳಿದೆ. ಅವರು ಬಾಗಿಲಾ ಮುಂದ ಮಾಡಿ, "ಹುಚ್ಚಾ, ನೀ ಇನ್ನೂ ಹಂಗಾಮಿ. ತಪ್ಪು ಬರದು ಕೊಟ್ಟರ ಜೋಶಿ ಸಾಹೇಬರು ನಾಳೆನ ಮನಿಗೆ ಕಳಸತಾರ. ಸುಮ್ಮನಿರು. ಮುದುಕಿ ಅರ್ಜಿ ಹಾಕಲಿ, ಎರಡು ವರ್ಷಕ್ಕರ ತೀರಮಾನ ಆಗತೈತಿ" ಅಂದರು. ಅವರು ಹೇಳಿದ್ದರಾಗ ಸುಳ್ಳಿರಲಿಲ್ಲ. ಮನ್ಯಾಗ ಅವ್ವ, ಮದುವಿಗೆ ಬಂದ ಇಬ್ಬರು ತಂಗೇರು. ನಾ ಹೆದರಿದೆ, ಖರೇ ಹೇಳತೇನಿ. ಆದರ ಎರಡು ವರ್ಷ ಬಳ್ಳಿ ಕಾಯೂದಿಲ್ಲ. ಆಕಿ "ಉಂಡೀಯಿಲ್ಲೋ" ಅಂದದ್ದು ಕಿವಿಯಿಂದ ಹೋಗವಲ್ಲದು. ಕಾಗದಾ ತಗೊಂಡು ಬರದೆ: ಪೂಜಿ ಕಲ್ಲನ್ನ ಬಾಂದಗಲ್ಲು ಅಂತ ತಿಳದೆ, ಬಾವಿ ಮುದುಕಿದು ಅಂತ ಖಾದರಸಾಬ ಹೇಳಿದ್ದನ್ನ ಕೇಳಲಿಲ್ಲ, ಮೂರನೇ ಗುರ್ತಿಗೆ ತಾಳೆ ನೋಡಲಿಲ್ಲ, ತಪ್ಪು ನಂದು. ಖಾರದ ವಿಷಯ ಬರೀಲಿಲ್ಲ. ಅಷ್ಟು ಧೈರ್ಯ ಇರಲಿಲ್ಲ.

ನಾಲ್ಕನೇ ದಿನಕ್ಕ ಜೋಶಿ ಸಾಹೇಬರು ಚಕ್ಕಡಿ ಹೊಡಿಸಿಕೊಂಡು ತಾವ ಊರಿಗೆ ಬಂದರು. ಕೋಟು ತೆಗೆದು ಗಿಡಕ್ಕ ಹಾಕಿ, ಸರಪಳಿ ಒಂದು ತುದಿ ತಾವ ಹಿಡದರು. ಮೂರು ಗುರ್ತು, ಮೂರೂ ತಾಳೆ. ಬಾವಿ ನೀಲವ್ವಂದು ಅಂತ ಸ್ಪಷ್ಟ ಆತು. ನನಗ ಉಸಿರು ಬಂತು. ಆಮ್ಯಾಲ ಅವರು ಆರನೇ ಕಲ್ಲಿನ ಮುಂದ ನಿಂತು ನಸ್ಯ ಏರಿಸಿದರು.

"ಈ ಕಲ್ಲು ಇಲ್ಲಿರಬಾರದು. ಗಡಿ ಹತ್ತಿರ ಖೊಟ್ಟಿ ಗುರ್ತು ಇರಬಾರದು ಅಂತ ಕಾಯದೆ ಅದ. ನಾಳೆ ಮತ್ತೊಬ್ಬ ಮೋಜಣಿದಾರ ಬಂದು ಹಿಂಗ ಎಡವತಾನ. ಇದನ್ನ ಕಿತ್ತಿಸಿ, ಆಮ್ಯಾಲ ನಾ ಸಹಿ ಮಾಡತೇನಿ."

ಆಳು ಕಬ್ಬಿಣದ ಹಾರಿ ತಗೊಂಡು ಮುಂದ ಬಂದ. ನೀಲವ್ವ ಹೋಗಿ ಕಲ್ಲಿನ ಮುಂದ ಕುಂತಳು.

"ಯಪ್ಪಾ ಸಾಹೇಬಾ, ಇವನ್ನ ಕೀಳಬ್ಯಾಡ್ರಿ."

"ಅಜ್ಜಿ, ಬಾವಿ ಬೇಕೋ ಬ್ಯಾಡೋ ನಿನಗ? ಉಳದ ಐದನ್ನ ಎಲ್ಲಿ ಬೇಕಾದರೂ ಇಟ್ಟುಕೋ. ಆರನೇದ್ದು ಯಾವ ಶಾಸ್ತ್ರದಾಗೂ ಇಲ್ಲ."

"ಶಾಸ್ತ್ರ ನನಗ ಗೊತ್ತಿಲ್ಲರಿ. ಕುಂತಿ ಹಡದದ್ದು ಗೊತ್ತೈತಿ. ಹಿರೇ ಮಗ ರೀ ಇಂವ. ಐದು ಮಂದಿ ಉಣ್ಣುವಾಗ ಇವಗ ಯಾರೂ ಕರೀಲಿಲ್ಲ. ಅವರ ಸಾಲಿನ್ಯಾಗ ಕುಂಡ್ರಸಿದರ ಜಗಳಾ ಆದೀತು ಅಂತ ನಾನ ದೂರ ಇಟ್ಟೇನಿ, ಕಡಬು ಮಾತ್ರ ತಪ್ಪಿಸಿಲ್ಲ. ಒಮ್ಮೆ ತಾಯಿ ಹೊಳ್ಯಾಗ ಬಿಟ್ಟಾಳ. ಮತ್ತೊಮ್ಮೆ ನನ್ನ ಕೈಲೆ ಹೊರಗ ಹಾಕಸಬ್ಯಾಡ್ರಿ. ಬಾವಿ ಹೋದರ ಹೋಗಲಿ, ನನಗ ಕೆರಿ ಐತಿ."

ಜೋಶಿ ಸಾಹೇಬರು ಟೊಪಿಗಿ ತೆಗೆದು ತಲಿ ಒರಿಸಿಕೊಂಡರು. ಕಾಯದೆ ಅವರ ಕಡಿ ಇತ್ತು, ಅದು ಅವರಿಗೂ ಗೊತ್ತು, ಆದರೂ ಆಳಿಗೆ "ಕೀಳು" ಅನ್ನಾಕ ಬಾಯಿ ಬರವಲ್ಲದು. ನನಗಂತೂ ಹಾರಿ ಕಸಗೊಂಡು ಒಗೀಬೇಕು ಅನ್ನಿಸಿತು. ಬಾವಿ ಕೈಗೆ ಬಂದದ್ದು ಮತ್ತ ಹೊಂಟಿತ್ತು, ಆ ಬಳ್ಳಿಗೋಳು ಮತ್ತ ಕೆರಿ ದಾರಿ ಕಾಯಬೇಕಾಗಿತ್ತು.

ಆಗ ಖಾದರಸಾಬ ಗಡಿ ದಾಟಿ ಬಂದ. ಟಾವೆಲ್ ತೆಗೆದು ಕೈಯಾಗ ಹಿಡಿದು ನಿಂತ.

"ಸಾಹೇಬ್ರ, ಗಡಿಯಿಂದ ಎಷ್ಟು ದೂರ ಇದ್ದರ ನಡೀತೈತ್ರಿ?"

"ನಾಲ್ಕು ಸರಪಳಿ ದೂರ ಇರಲಿ. ಈ ಮುದುಕಿ ಹೊಲಾ ಅಷ್ಟು ಅಗಲ ಎಲ್ಲೆದ?"

"ನಂದು ಐತ್ರಿ. ನನ್ನ ಹೊಲದ ನಡುವ ಒಂದು ಹುಣಸಿಗಿಡಾ ಐತಿ. ಅಲ್ಲಿ ಇಡ್ರಿ."

ಸಾಹೇಬರು ಅವನ್ನ ಮ್ಯಾಲಿಂದ ಕೆಳಗ ನೋಡಿದರು. "ನಿಮ್ಮ ಧರ್ಮಕ್ಕ ನಡೀತದೇನು?"

"ನಾ ಪೂಜಿ ಮಾಡೂದಿಲ್ಲರಿ. ಕೈ ಮುಗಿಯೂದೂ ಇಲ್ಲ. ಆದರ ಮನಿಯವರು ಬ್ಯಾಡ ಅಂದ ಒಬ್ಬ ಮಗ ನನ್ನ ಗಿಡದ ನೆಳ್ಳಾಗ ಕುಂತರ ನನ್ನ ತಕರಾರೇನಿಲ್ಲ. ಅಲ್ಲಾ ನೆಳ್ಳು ಕೊಟ್ಟದ್ದು ಎಲ್ಲಾರಿಗೂ."

ನೀಲವ್ವ ಏಳು ವರ್ಷದ ಮ್ಯಾಲ ಅವನ ಮಾರಿ ನೇರ ನೋಡಿದಳು. "ನಿನ್ನ ಆಡು ಬಂದು ಅವನ ಎಡಿ ತಿಂದೀತಲ್ಲೋ ಖಾದರಾ" ಅಂದಳು. "ಆಡು ಸತ್ತು ಮೂರು ವರ್ಷ ಆತಬೇ" ಅಂದ ಅಂವ. "ಸತ್ತಿತೇನೋ? ಪಾಪ, ಛಲೋ ಆಡು" ಅಂದಳು ಆಕಿ. ಜೋಶಿ ಸಾಹೇಬರು ಆ ಕಡಿ ತಿರುಗಿ ಸೀನಿದರು. ನಸ್ಯದ ಸೀನು ಅಂತ ತೋರಿಸಿಕೊಂಡರು, ಆದರ ನಗು ತಡಿಯಾಕತ್ತಿದ್ದು ನನಗ ಕಂಡಿತು.

ಕಲ್ಲನ್ನ ಖಾದರಸಾಬ ತಾನ ಹೆಗಲ ಮ್ಯಾಲ ಹೊತ್ತುಕೊಂಡು ಹೋದ. ಹುಗಿಯೂ ಕುಣಿ ನಾ ತೋಡಿದೆ. ಮುದುಕಿ ಬಾಜೂಕ ನಿಂತು "ಪೂರ್ವಕ್ಕ ಮಾರಿ ಮಾಡ್ರಿ, ಸೂರ್ಯಾನ ಮಗ ಅಂವ" ಅಂತ ಹುಕುಂ ಕೊಟ್ಟಳು. ಸಾಹೇಬರು ಅಲ್ಲೇ ಸಹಿ ಮಾಡಿದರು. ಅದ ಸಂಜಿ ಬಾವ್ಯಾಗ ಕೊಡಾ ಬಿಟ್ಟ ಸಪ್ಪಳ ಕೇಳಿತು. ಎರಡು ಸಾಲು ಬಳ್ಳಿ ಹೋದವು, ಎರಡು ಉಳದವು. ಹೋದವುಕ್ಕ ಖಾದರಸಾಬ ತನ್ನ ತ್ವಾಟದಿಂದ ಕುಡಿ ಕೊಟ್ಟ.

ಹೊಂಡೂ ಹೊತ್ತಿಗೆ ಜೋಶಿ ಸಾಹೇಬರು ನನ್ನ ಚಕ್ಕಡಿ ಹತ್ತಿರ ಕರದರು. ನೌಕರಿ ಹೋತು ಅಂತ ತಿಳದೆ. "ನೀ ಕಾಯಂ ಆಗೂದು ಒಂದು ವರ್ಷ ಮುಂದ ಹಾಕತೇನಿ. ತಪ್ಪು ಮಾಡಿದ್ದಕ್ಕಲ್ಲ, ತಪ್ಪು ಎಲ್ಲಾರೂ ಮಾಡತೇವಿ. ಆ ಸಾಬ ಬಾವಿ ತನ್ನದಲ್ಲ ಅಂತ ಹೇಳಿದಾಗ ಕೇಳಲಿಲ್ಲಲ್ಲ, ಅದಕ್ಕ" ಅಂದರು. ನನಗ ಖುಷಿ ಆತು. ಇಂಥಾ ಶಿಕ್ಷಾ ನಾ ಮುಂದ ಸಾಹೇಬ ಆದಾಗ ಒಬ್ಬರಿಗೂ ಕೊಡಾಕ ಆಗಲಿಲ್ಲ, ಅಷ್ಟು ಶಾಣೇತನ ನನಗಿರಲಿಲ್ಲ.

ಆಮ್ಯಾಲ ಪ್ರತಿ ವರ್ಷ ಶೀಗಿ ಹುಣ್ಣಿಮಿಗೆ ನೀಲವ್ವನ ಕರೆ ಬರತಿತ್ತು. ತ್ವಾಟದಾಗ ಐದು ಮಂದಿಗೆ ಎಡಿ ಆದ ಮ್ಯಾಲ ಆಕಿ ಬುಟ್ಟಿ ಹೊತ್ತು ಗಡಿ ದಾಟಿ ಹುಣಸಿಗಿಡದ ಕಡಿ ಹೋಗತಿದ್ದಳು. ಕಡಬು, ಪುಂಡಿಪಲ್ಯ, ಸಜ್ಜಿರೊಟ್ಟಿ, ಬದನಿಕಾಯಿ. ಆರನೇ ಕಲ್ಲಿನ ಮುಂದ ಇಟ್ಟು, ಉಳದದ್ದನ್ನ ನನಗೂ ಖಾದರಸಾಬಗೂ ಬಡಸತಿದ್ದಳು. ಅಂವ ಮಾತ್ರ ದೇವರಿಗೆ ತೋರಿಸಲಾರದ್ದನ್ನ ಬ್ಯಾರೆ ಗಂಟಿನಿಂದ ತೆಗೆಸಿ ತಿನ್ನತಿದ್ದ, ಆಕಿ ಅದನ್ನ ಮರೀದ ಬ್ಯಾರೆ ಗಂಟು ಕಟ್ಟಿ 'ಖಾದರಂದು' ಅಂತ ಇಟ್ಟಿರತಿದ್ದಳು. ಇಬ್ಬರೂ ತಮ್ಮ ತಮ್ಮ ನೇಮ ಒಂದು ಕೂದಲೆಳಿ ಬಿಡಲಿಲ್ಲ, ಒಬ್ಬರನ್ನೊಬ್ಬರೂ ಬಿಡಲಿಲ್ಲ. ಹಿಂಗೂ ಇರಾಕ ಬರತೈತಿ ಅಂತ ನಾ ಕಲತದ್ದು ಅಲ್ಲೇ, ಹುಣಸಿ ನೆಳ್ಳಾಗ, ಕಡಬು ತಿನ್ನಕೋತ.

ನಡುವ ಯುದ್ಧ ಬಂತು, ನನ್ನ ದೂರ ಹಾಕಿದರು, ನಾಲ್ಕು ವರ್ಷ ಆ ಕಡಿ ಬರಾಕ ಆಗಲಿಲ್ಲ. ಯುದ್ಧ ಮುಗಿದ ಮ್ಯಾಲಿನ ಶೀಗಿ ಹುಣ್ಣಿಮಿ ಬಂದಾಗ ರಜಾ ಹಾಕಿ, ಪೆಟ್ರೋಲ್ ಸಿಗದ್ದಕ್ಕ ಇದ್ದಿಲ ಹೊಗಿಯಿಂದ ಓಡೂ ಬಸ್ಸಿನ್ಯಾಗ ಸವಣೂರಿಗೆ ಇಳದು, ಖಾರದ ಅಂಗಡಿ ಕಡಿ ಹೊಳ್ಳಿಯೂ ನೋಡದ ನಡಕೋತ ಹೋದೆ. ಕಡಬಿಗೆ ಹೊಟ್ಟ್ಯಾಗ ಜಾಗಾ ಇಟ್ಟಿದ್ದೆ. ಸುತ್ತಲಿನ ಎಲ್ಲಾ ಹೊಲದಾಗೂ ಮಂದಿ ಗುಂಪಾಗಿ ಕುಂತು ಉಣ್ಣಾಕತ್ತಿದ್ದರು. ನೀಲವ್ವನ ತ್ವಾಟದಾಗ ಮಾತ್ರ ಯಾರೂ ಇರಲಿಲ್ಲ. ಬಳ್ಳಿ ಹಸರಾಗಿದ್ದವು, ಬುಡಾ ಹಸಿ ಇತ್ತು.

ಹುಣಸಿಗಿಡದ ಕೆಳಗ ಖಾದರಸಾಬ ಒಬ್ಬಾಂವ ಕುಂತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನ ಕಂಡು ಎದ್ದು ಕೈ ಹಿಡದ. ಕೇಳೂದಕ್ಕ ಮೊದಲ ಹೇಳಿದ.

"ಮುದುಕಿ ಬ್ಯಾಸಗ್ಯಾಗ ಹೋದಳ್ರಿ. ಮೂರ ದಿನದ ಜ್ವರ. ತ್ವಾಟಾ ನೋಡಿಕೋ ಅಂತ ಮಗಳು ನನಗ ಒಪ್ಪಿಸಿ ಹಿರೇಕೆರೂರಿಗೆ ಹೋಗ್ಯಾಳ."

ನನಗ ದುಃಖ ತಡಿಯಾಕ ಆಗಲಿಲ್ಲ. ಅಳಕೋತ ಅಲ್ಲೇ ಕುಂತೆ. ಅಂವ ಬಾಜೂಕ ಕುಂತ. ಕಣ್ಣೊರಿಸಿಕೊಂಡು ನೋಡತೇನಿ, ಆರನೇ ಕಲ್ಲಿಗೆ ಹೊಸಾ ಸುಣ್ಣಾ. ಇನ್ನೂ ಆರಿರಲಿಲ್ಲ. ಖಾದರಸಾಬನ ಬೆರಳಿನ ತುದಿನೂ ಬೆಳ್ಳಗಿದ್ದವು. ಕಲ್ಲಿನ ಮುಂದ ಮುತ್ತಲ ಎಲಿ ಮ್ಯಾಲ ಅರ್ಧಾ ರೊಟ್ಟಿ, ಒಂದು ಉಳ್ಳಾಗಡ್ಡಿ.

"ನೀ ಹಚ್ಚಿದೇನು ಸುಣ್ಣಾ?"

"ನಾನ ರೀ" ಅಂದ, ತಪ್ಪು ಮಾಡಿ ಸಿಕ್ಕವರಂಗ. "ಪೂಜಿ ಮಾಡಿಲ್ಲರಿ. ಎಲ್ಲಾರ ಹೊಲದಾಗೂ ಮಂದಿ ಉಣ್ಣಾಕತ್ತಾರ, ಇಂವೊಬ್ಬ ಹಸಕೊಂಡು ಕುಂತಾನ. ನನ್ನ ರೊಟ್ಟ್ಯಾಗ ಅರ್ಧಾ ಮುರದು ಇಟ್ಟೆ."

ಆಮ್ಯಾಲ ಕಲ್ಲಿನ ಕಡಿ ನೋಡಿ, ದನಿ ಇಳಿಸಿ ಅಂದ: "ಕಡಬು ನಮ್ಮ ಮನ್ಯಾಗ ಯಾರಿಗೂ ಮಾಡಾಕ ಬರೂದಿಲ್ಲರಿ. ಅವಗ ಅದನ್ನ ಹೇಳಿನ ಇಟ್ಟೇನಿ."